ಬೀಡಾ ಅಂಗಡಿಯ ಮುಂದೆ ಬುಧನ್

ಅಹಮದಾಬಾದಿನ ಬುಧನ್ ಥಿಯೇಟರ್ ಬಗ್ಗೆ ಬರೆದವರಿಗೆ ಕೊರತೆಯಿಲ್ಲ. ಪತ್ರಿಕೆಯವರು ಬರೆದಿದ್ದಾರೆ, ಸಂಶೋಧಕರು ಬರೆದಿದ್ದಾರೆ, ಸಾಕ್ಷ್ಯಚಿತ್ರಗಳೂ ಬಂದಿವೆ. ಹೆಚ್ಚಿನವರ ಧಾಟಿ ಒಂದೇ: ಕಳ್ಳತನಕ್ಕೆ ಹೆಸರಾಗಿದ್ದ ಛಾರಾ ಜನ ಅದನ್ನು ಬಿಟ್ಟು ನಾಟಕಕ್ಕೆ ಇಳಿದರು, ಎಂಥ ಪರಿವರ್ತನೆ ನೋಡಿ! ಇಷ್ಟು ಬರೆದ ಮೇಲೆ ನಾಟಕ ಹೇಗಿತ್ತು ಎಂದು ಹೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಗಾಯವನ್ನು ಕಂಡು ಮರುಗಿದ ಮೇಲೆ ನಡಿಗೆ ಚೆನ್ನಾಗಿದೆಯೇ ಎಂದು ಕೇಳುವುದು ಅಸಭ್ಯ ಎನ್ನುವ ಭಾವ. ಇಪ್ಪತ್ತೈದು ವರ್ಷಕ್ಕೂ ಮೀರಿ ಆಡುತ್ತಾ ಬಂದಿರುವ ಒಂದು ತಂಡಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಹಿನ್ನೆಲೆ ಗೊತ್ತಿರುವವರೇ ಇದನ್ನು ಓದುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಇಡೀ ಸಮುದಾಯಗಳಿಗೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಬೇಲಿ ಹಾಕಿದ ವಸಾಹತು, ದಿನಕ್ಕೆ ಹಲವು ಬಾರಿ ಹಾಜರಿ, 1952ರ ಆಗಸ್ಟ್ 31ರ ವಿಮುಕ್ತಿ, ಆಮೇಲೆ ಬೇರೆ ಹೆಸರಿನಲ್ಲಿ ವಾಪಸು ಬಂದ ರೂಢಿಗತ ಅಪರಾಧಿಗಳ ಕಾಯ್ದೆಗಳು. ಹುಬ್ಬಳ್ಳಿ, ಗದಗ-ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಇವತ್ತಿಗೂ ‘ಸೆಟ್ಲ್‌ಮೆಂಟ್’ ಅಂದರೆ ಯಾವ ಓಣಿ ಎಂದು ಎಲ್ಲರಿಗೂ ಗೊತ್ತು. ಅಹಮದಾಬಾದಿನಲ್ಲಿ ಆ ಓಣಿಯ ಹೆಸರು ಛಾರಾನಗರ, ಕುಬೇರನಗರದ ಮಗ್ಗುಲಲ್ಲಿದೆ. ಮೊದಲ ಸಲ ಹೋದಾಗ ರಿಕ್ಷಾದವನು ಮೀಟರ್ ಹಾಕುವ ಮೊದಲು ನನ್ನ ಮುಖ ನೋಡಿ, ‘ಯಾಕೆ?’ ಎಂದು ಕೇಳಿದ. ನಾಟಕಕ್ಕೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

1998ರಲ್ಲಿ ವಡೋದರಾದ ಭಾಷಾ ಸಂಸ್ಥೆಯ ಗಣೇಶ ದೇವಿ ಅವರೂ ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ಅವರೂ ಈ ಓಣಿಗೆ ಬಂದರು, ಒಂದು ಗ್ರಂಥಾಲಯ ಶುರುವಾಯಿತು. ಗಣೇಶ ದೇವಿ ಆಮೇಲೆ ಧಾರವಾಡಕ್ಕೆ ಬಂದು ನೆಲೆಸಿದವರು, ಅವರನ್ನು ನಮಗೆ ಪರಿಚಯಿಸಬೇಕಿಲ್ಲ. ಆ ಗ್ರಂಥಾಲಯದಲ್ಲಿ ಓದುತ್ತಿದ್ದ ಹುಡುಗರ ಕೈಗೆ ಒಂದು ಕೋರ್ಟ್ ತೀರ್ಪು ಸಿಕ್ಕಿತು. ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ, ಶಬರ ಬುಡಕಟ್ಟಿನ ಬುಧನ್ ಶಬರ್ ಎಂಬಾತ ಅದೇ ವರ್ಷದ ಫೆಬ್ರವರಿಯಲ್ಲಿ ಪೊಲೀಸರ ವಶದಲ್ಲಿ ಏಟು ತಿಂದು ಸತ್ತಿದ್ದ. ಕಲ್ಕತ್ತಾ ಹೈಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿ, ಅವನ ಹೆಂಡತಿ ಶ್ಯಾಮಲಿಗೆ ಪರಿಹಾರ ಕೊಡಿಸಿತ್ತು. ದಕ್ಷಿನ್ ಬಜರಂಗೆ ಮತ್ತು ಗೆಳೆಯರು ಅದರಿಂದ ‘ಬುಧನ್’ ಕಟ್ಟಿದರು. 1998ರ ಆಗಸ್ಟ್ 31ರಂದು ಮೊದಲ ಪ್ರದರ್ಶನ. ತೀರ್ಪೊಂದು ನಾಟಕವಾದದ್ದೇ ನನಗೆ ಮೊದಲ ಕುತೂಹಲ. ನಾವು ಕಥೆಗಳಿಂದ, ಪುರಾಣಗಳಿಂದ ನಾಟಕ ಮಾಡುತ್ತೇವೆ. ಇವರು ನ್ಯಾಯಾಲಯದ ಭಾಷೆಯಿಂದ ಮಾಡಿದರು.

ಈ ತಂಡ ತಾನೇ ಕಟ್ಟಿದ ನಾಟಕಗಳಲ್ಲಿ ಹೆಚ್ಚಿನವು ಚಿಕ್ಕವು. ಒಂದೇ ಸಂಜೆ ಎರಡು ಮೂರು ಆಡಿ ಮುಗಿಸಬಹುದು: ‘ಬುಧನ್’, ಬಾರಾಮತಿಯ ಪಾರ್ಧಿ ಸಮುದಾಯದ ಪಿನ್ಯಾ ಹರಿ ಕಾಳೆಯ ಸಾವಿನ ನಾಟಕ, ‘ಎನ್‌ಕೌಂಟರ್’, ‘ಬುಲ್ಡೋಜರ್’. ಚಿಕ್ಕ ಆಟಗಳನ್ನು ಪೋಣಿಸಿ ಒಂದು ರಾತ್ರಿ ತುಂಬಿಸುವುದು ಗುಜರಾತಿಗೆ ಹೊಸತಲ್ಲ. ಅಲ್ಲಿನ ಜಾನಪದ ರಂಗಪ್ರಕಾರ ಭವಾಯಿ ಅಂದರೆ ಅದೇ, ಒಂದಾದ ಮೇಲೊಂದು ‘ವೇಶ’. ನಮ್ಮ ಹಗಲುವೇಷದವರ ಮಾತಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಭವಾಯಿಯ ಮೂಲಪುರುಷ ಅಸಾಯಿತ ಠಾಕರ್ ಊಂಝಾದ ಬ್ರಾಹ್ಮಣ. ಪಟೇಲರ ಹುಡುಗಿಯೊಬ್ಬಳನ್ನು ಸೆರೆಯಿಂದ ಬಿಡಿಸಿ ತರಲು, ಅವಳು ತನ್ನ ಮಗಳೇ ಎಂದು ಸಾಬೀತುಪಡಿಸಬೇಕಾಗಿ ಬಂದು, ಅವಳ ಜೊತೆ ಒಂದೇ ಎಲೆಯಲ್ಲಿ ಉಂಡ. ಅದಕ್ಕೆ ಜಾತಿಯಿಂದ ಹೊರಗೆ ಬಿದ್ದ. ಆಮೇಲೆ ಆಟ ಕಟ್ಟಿ ಬದುಕಿದ. ಹೀಗೆಂದು ಐತಿಹ್ಯ. ಅಂದರೆ ಗುಜರಾತಿ ರಂಗಪರಂಪರೆ ಶುರುವಾಗುವುದೇ ಜಾತಿಗೆಟ್ಟ ಒಬ್ಬನಿಂದ. 1953ರ ‘ಮೇನಾ ಗುರ್ಜರಿ’ಯಲ್ಲಿ ಜಯಶಂಕರ್ ಸುಂದರಿ, ದೀನಾ ಪಾಠಕ್ ಅವರು ಭವಾಯಿಯನ್ನು ನಗರದ ರಂಗಕ್ಕೆ ತಂದಾಗ ಅದರ ಹಾಡು, ಬಣ್ಣ, ಲಯ ಎಲ್ಲ ಬಂದವು. ಜಾತಿಗೆಟ್ಟವನ ಸಿಟ್ಟು ಅಷ್ಟಾಗಿ ಬರಲಿಲ್ಲ ಎಂದು ನನ್ನ ಅನುಮಾನ. ಆ ಸಿಟ್ಟನ್ನು ಹುಡುಕಿಕೊಂಡು ನಾನು ಹೋಗುವುದಾದರೆ ಸಾಬರಮತಿ ದಂಡೆಯ ಸಭಾಂಗಣಗಳಿಗೆ ಹೋಗುವುದಿಲ್ಲ, ಛಾರಾನಗರಕ್ಕೆ ಹೋಗುತ್ತೇನೆ.

ಈಗ ‘ಬುಧನ್’ ನಾಟಕದ ಬೀಡಾ ಅಂಗಡಿ.

ಬುಧನ್ ಮತ್ತು ಶ್ಯಾಮಲಿ ಸೈಕಲ್ ಮೇಲೆ ನೆಂಟರ ಮನೆಗೆ ಹೊರಟಿದ್ದಾರೆ. ದಾರಿಯಲ್ಲಿ ಪಾನ್ ಅಂಗಡಿಯ ಹತ್ತಿರ ನಿಲ್ಲುತ್ತಾರೆ. ಅಲ್ಲಿ ಪೊಲೀಸರು ಅವನನ್ನು ಹಿಡಿಯುತ್ತಾರೆ. ಇಡೀ ನಾಟಕದ ಜೀವ ಈ ಒಂದೆರಡು ನಿಮಿಷದಲ್ಲಿದೆ ಎಂದು ನನ್ನ ವಾದ. ರಂಗಸಜ್ಜಿಕೆ ಇಲ್ಲ. ನಟರ ಮೈಯೇ ಸೈಕಲ್ಲು, ಅಂಗಡಿ, ಠಾಣೆ, ಕಂಬಿ. ಇದು ಬೀದಿನಾಟಕದ ಹಳೆಯ ಜಾಣ್ಮೆ, ಅದಕ್ಕಾಗಿ ಯಾರನ್ನೂ ಹೊಗಳಬೇಕಿಲ್ಲ. ಹೊಗಳಬೇಕಾದದ್ದು ದೃಶ್ಯದ ಅಳತೆ. ಗಂಡ ಹೆಂಡತಿಗೆ ಒಂದು ಬೀಡಾ ಕೊಡಿಸುವಷ್ಟು ಸಣ್ಣ ಸುಖ, ಸಾಮಾನ್ಯನ ಸಂಜೆಯ ಸುಖ. ಕಾಡಿನ ಬುಡಕಟ್ಟು, ಬಿಲ್ಲು ಬಾಣ, ಗರಿ ಕಟ್ಟಿದ ತಲೆ, ಯಾವುದೂ ಇಲ್ಲ. ನೋಡುವವನು ಶಬರರ ಬಗ್ಗೆ ಮರುಗಲು ಸಿದ್ಧನಾಗಿ ಕೂತಿದ್ದಾನೆ. ಅವನ ಮುಂದೆ ಬರುವುದು ಅವನ ಹಾಗೇ ಇರುವ ಒಬ್ಬ ಗೃಹಸ್ಥ. ಮರುಕಕ್ಕೆ ಜಾಗ ಸಿಗುವುದಿಲ್ಲ. ‘ಬೀಡಾ ತಿನ್ನಲು ನಿಂತಿದ್ದಕ್ಕೆ’ ಎನ್ನುವುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಪೊಲೀಸ್ ಬರುತ್ತಾನೆ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ನಾಟಕದಲ್ಲಿ ಅತ್ಯಂತ ಸೂಕ್ಷ್ಮವಾಗಿ ಕಡೆದ ಪಾತ್ರ ಬುಧನ್ ಅಲ್ಲ, ಪೊಲೀಸ್. ಬುಧನ್ ನೋವಿನ ಮೊತ್ತ, ಅಷ್ಟೆ. ಶ್ಯಾಮಲಿ ಅಳು ಮತ್ತು ಬೇಡಿಕೆ. ಪೊಲೀಸನಿಗೆ ಮಾತ್ರ ನಡಿಗೆ ಇದೆ, ಬೇಸರ ಇದೆ, ನಗು ಇದೆ, ಕೆಲಸ ಬೇಗ ಮುಗಿಸಿ ಮನೆಗೆ ಹೋಗುವ ಆತುರ ಇದೆ. ಲಾಠಿಯನ್ನು ನೆಲಕ್ಕೆ ಕುಟ್ಟುವ, ಹೆಸರು ಕೇಳುವಾಗ ಮುಖದ ಕಡೆ ನೋಡದಿರುವ ಆ ಹಗುರತನ ಪುಸ್ತಕ ಓದಿ ಬರುವುದಲ್ಲ. ಬಾಲ್ಯದಿಂದ ಬಾಗಿಲ ಸಂದಿಯಿಂದ ನೋಡಿ ನೋಡಿ ಕಲಿತದ್ದು. ಏಟು ತಿಂದ ಮನೆಯ ಹುಡುಗ ಏಟು ಕೊಡುವವನ ಪಾತ್ರ ಹಾಕಿದಾಗ ಅವನ ತೋಳಿಗೆ ಆ ಏಟಿನ ತೂಕ ಎರಡೂ ಕಡೆಯಿಂದ ಗೊತ್ತಿರುತ್ತದೆ. ಈ ತಂಡದ ಬಗ್ಗೆ ಬರೆದವರೆಲ್ಲ ‘ಸಂತ್ರಸ್ತರ ದನಿ’ ಅಂದರು. ನಾನು ಕೇಳಿಸಿಕೊಂಡದ್ದು ಪೊಲೀಸನ ದನಿ. ಇಷ್ಟು ನಿಖರವಾಗಿ ಭಾರತೀಯ ರಂಗಭೂಮಿಯಲ್ಲಿ ಅದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಂದಮೇಲೆ ಕೊನೆ ಯಾಕೆ ಹಾಗೆ ಕೆಡುತ್ತದೆ? ಬುಧನ್ ಸಾಯುತ್ತಾನೆ, ನಟರು ಸಾಲಾಗಿ ನಿಲ್ಲುತ್ತಾರೆ, ಪುರುಲಿಯಾದ ‘ಅವನು’ ಛಾರಾನಗರದ ‘ನಾವು’ ಆಗುತ್ತದೆ, ನಮ್ಮ ಪೌರತ್ವ ಎಷ್ಟನೇ ದರ್ಜೆಯದು ಎಂಬ ಅರ್ಥದ ಪ್ರಶ್ನೆಯನ್ನು ನೇರ ಪ್ರೇಕ್ಷಕರತ್ತ ಎಸೆಯುತ್ತಾರೆ. ನೋಡಿದವರೆಲ್ಲ ಮೆಚ್ಚಿ ತಲೆದೂಗುವುದು ಇಲ್ಲೇ. ನನಗೆ ಇದೇ ನಾಟಕದ ದುರ್ಬಲ ಜಾಗ. ಆ ‘ನಾವು’ ಅಷ್ಟು ಹೊತ್ತಿಗಾಗಲೇ ಬಂದಾಗಿದೆ. ಪೊಲೀಸನ ನಡಿಗೆಯಲ್ಲೇ ಬಂದಿತ್ತು. 1998ರಲ್ಲಿ ತಮ್ಮ ಓಣಿಯ ನಡುವೆ ನಿಂತು ತಮ್ಮ ಠಾಣೆಯ ಬಗ್ಗೆ ಮಾತಾಡುವುದು ಕಷ್ಟವಿದ್ದ ಕಡೆ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಪುರುಲಿಯಾವನ್ನು ಮುಖವಾಡವಾಗಿ ಧರಿಸಿದ್ದು ನಾಟಕದ ದೊಡ್ಡ ಜಾಣತನ. ಮುಖವಾಡದ ಹಿಂದೆ ಯಾರಿದ್ದಾರೆ ಎಂದು ಮೊದಲ ಸಾಲಿನ ಮಕ್ಕಳಿಗೂ ಗೊತ್ತು. ಅದನ್ನು ತೆಗೆದು ತೋರಿಸಿದ ಕೂಡಲೇ ಪ್ರೇಕ್ಷಕ ಹಗುರಾಗುತ್ತಾನೆ. ಪ್ರಶ್ನೆ ಕೇಳಿದರಲ್ಲ, ಚಪ್ಪಾಳೆ ತಟ್ಟಿದರೆ ಉತ್ತರ ಕೊಟ್ಟ ಹಾಗಾಯಿತು. ಅವನು ಮನೆಗೆ ಹೊರಡುತ್ತಾನೆ.

ಇದನ್ನು ಹೇಳಿದರೆ ಕನ್ನಡದ ಗೆಳೆಯರು ‘ಬೆಲ್ಚಿ’ಯನ್ನು ಮುಂದೆ ತರುತ್ತಾರೆ. ‘ಸಮುದಾಯ’ ನಾಟಕ ತಂಡದ ಸಿ.ಜಿ. ಕೃಷ್ಣಸ್ವಾಮಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟ ಘಟನೆಯನ್ನು ಕರ್ನಾಟಕದ ಬೀದಿ ಬೀದಿಗೆ ತಂದರಲ್ಲ, ಅಲ್ಲೂ ದೂರದ ಊರೇ, ಅಲ್ಲೂ ನೇರ ಮಾತೇ, ಆಗ ನೀನು ಚಪ್ಪಾಳೆ ತಟ್ಟಿದ್ದೆಯಲ್ಲ ಎಂದು. ಹೌದು, ತಟ್ಟಿದ್ದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸೋಮಾರಿತನ. ‘ಬೆಲ್ಚಿ’ ಆಡಿದವರಲ್ಲಿ ಬಹಳ ಮಂದಿ ಬೆಂಗಳೂರಿನ ಓದಿದ ಯುವಕರು. ಅವರು ಬೇರೆಯವರ ನೋವನ್ನು ಸಾಲ ತಂದಿದ್ದರು. ಸಾಲ ತಂದವನು ಪತ್ರಕ್ಕೆ ಸಹಿ ಹಾಕಬೇಕು, ‘ಇದು ನಮ್ಮದೂ ಹೌದು’ ಎಂದು ಬಾಯಿಬಿಟ್ಟು ಹೇಳಬೇಕು. ಛಾರಾನಗರದವರು ತಂದದ್ದು ಸಾಲವಲ್ಲ. ಅವರು ತಮ್ಮ ನೋವನ್ನು ಬೇರೆಯವನ ಹೆಸರಿನಲ್ಲಿ ಅಡಗಿಸಿಟ್ಟರು. ಅಡಗಿಸಿಟ್ಟದ್ದನ್ನು ಹರಾಜು ಕೂಗುವ ಅಗತ್ಯ ಅವರಿಗಿರಲಿಲ್ಲ.

ನನ್ನ ದೊಡ್ಡ ಜಗಳ ಇರುವುದು ಇನ್ನೊಂದು ಗುಂಪಿನ ಜೊತೆ. ಛಾರಾಗಳು ಹುಟ್ಟಾ ನಟರು, ನಟನೆ ಅವರ ರಕ್ತದಲ್ಲಿದೆ, ಜೇಬು ಕತ್ತರಿಸುವವನಿಗೆ ಅಭಿನಯ ಬಾರದೆ ಇರುತ್ತದೆಯೇ ಎಂದು ಪ್ರೀತಿಯಿಂದ ಬರೆಯುವವರು ಇವರು. ಛಾರಾ ಕಲಾವಿದರೇ ಕೆಲವೊಮ್ಮೆ ನಗುತ್ತಾ ಹೀಗೆ ಹೇಳಿಕೊಳ್ಳುವುದುಂಟು. ತಮ್ಮ ಬಗ್ಗೆ ತಾವು ಚಟಾಕಿ ಹಾರಿಸುವ ಹಕ್ಕು ಅವರಿಗಿದೆ, ನಮಗಿಲ್ಲ. 1871ರ ಕಾಯ್ದೆಯ ಹಿಂದಿದ್ದ ವಾದವೇನು? ಅಪರಾಧ ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಬಡಗಿಯ ಮಗ ಬಡಗಿಯಾದ ಹಾಗೆ. ಈ ಮೆಚ್ಚುಗೆಯವರು ಹೇಳುವುದೇನು? ಅಭಿನಯ ಹುಟ್ಟಿನಿಂದ ಬರುತ್ತದೆ. ಅಂಗಿ ಅದೇ, ಒಳಮೈ ಹೊರಗೆ ಮಾಡಿ ತೊಟ್ಟಿದ್ದಾರೆ. ರಕ್ತದ ಲೆಕ್ಕ ಮಾತ್ರ ಕೈಬಿಟ್ಟಿಲ್ಲ. ಹೀಗೆ ಬರೆದ ಕೂಡಲೇ ತಾಲೀಮು ಮಾಯವಾಗುತ್ತದೆ. ಅದೇ ತಂಡ ಬಾದಲ್ ಸರ್ಕಾರರ ‘ಭೋಮಾ’ವನ್ನು, ದಾರಿಯೋ ಫೋ ನಾಟಕವನ್ನು ಓದಿ ಆಡಿದೆ, ದಿನದ ದುಡಿಮೆ, ಕೋರ್ಟಿನ ತಾರೀಖು ಮುಗಿಸಿಕೊಂಡು ಬಂದವರು ತಾಲೀಮಿಗೆ ನಿಂತಿದ್ದಾರೆ. ರಕ್ತದಲ್ಲೇ ಇದ್ದಿದ್ದರೆ ಇಷ್ಟೆಲ್ಲ ಯಾಕೆ ಬೇಕಿತ್ತು? ನೀನಾಸಂ ರಂಗಶಾಲೆಯಲ್ಲಿ ಕಲಿತ ಹುಡುಗನ ಅಭಿನಯವನ್ನು ಹೊಗಳುವಾಗ ಅವನ ಅಜ್ಜನ ಕಸುಬನ್ನು ಯಾರೂ ಎತ್ತುವುದಿಲ್ಲ.

‘ಪರಿವರ್ತನೆ’ ಎಣಿಸುವವರಿಗೂ ಒಂದು ಮಾತು. 2018ರ ಜುಲೈ 26ರ ರಾತ್ರಿ ಪೊಲೀಸರು ಛಾರಾನಗರಕ್ಕೆ ನುಗ್ಗಿದರು. ಮನೆ, ವಾಹನಗಳನ್ನು ಜಖಂ ಮಾಡಿದರು, ಜನರನ್ನು ಹೊಡೆದರು, ಎಳೆದುಕೊಂಡು ಹೋದರು ಎಂದು ನಿವಾಸಿಗಳು ದೂರಿದರು. ‘ಬುಧನ್’ಗೆ ಆಗ ಇಪ್ಪತ್ತು ವರ್ಷ. ನಾಟಕ ಪೊಲೀಸರನ್ನು ಬದಲಿಸಿತೇ ಎಂಬ ಅಳತೆಗೋಲು ಇಟ್ಟುಕೊಂಡವರು ಆ ರಾತ್ರಿಯ ಲೆಕ್ಕವನ್ನು ಎಲ್ಲಿ ಬರೆಯುತ್ತಾರೆ? ಆ ಗೋಲನ್ನು ಬೇರೆ ಯಾವ ನಾಟಕ ತಂಡಕ್ಕೂ ನಾವು ಹಿಡಿಯುವುದಿಲ್ಲ ಎನ್ನುವುದು ಬೇರೆ ಮಾತು.

ದೋಷ ಹೇಳುವ ಪಾಳಿ ನನ್ನದೂ ಇದೆ. ‘ಬುಲ್ಡೋಜರ್’ ವಿಷಯದ ತೂಕಕ್ಕೆ ಬಗ್ಗಿದ ನಾಟಕ. ಮನೆ ಕೆಡವಿಸಿಕೊಂಡವರ ಗೋಳು ಮೊದಲ ಐದು ನಿಮಿಷಕ್ಕೆ ಪೂರ್ತಿ ತಿಳಿಯುತ್ತದೆ, ಮುಂದಿನದು ಅದರದೇ ಪುನರುಕ್ತಿ. ಪಿನ್ಯಾ ಹರಿ ಕಾಳೆಯ ನಾಟಕ ‘ಬುಧನ್’ನ ಅಚ್ಚಿನಲ್ಲೇ ಎರಕ ಹೊಯ್ದದ್ದು. ಒಂದೇ ಸಂಜೆ ಎರಡನ್ನೂ ನೋಡಿದರೆ ಎರಡನೆಯ ಸಾವು ಮೊದಲನೆಯದಕ್ಕಿಂತ ಕಡಿಮೆ ತಟ್ಟುತ್ತದೆ, ಅದು ಪಿನ್ಯಾನಿಗೆ ಮಾಡಿದ ಅನ್ಯಾಯ. ಭಾಷೆಯದು ಇನ್ನೊಂದು ತಕರಾರು. ಛಾರಾಗಳ ಮನೆಮಾತು ಭಾಂತು. ನಾಟಕ ಹಿಂದಿಯಲ್ಲಿದೆ. ಪುರುಲಿಯಾದ ಶಬರ್ ಹೆಂಗಸು, ಅಹಮದಾಬಾದಿನ ಛಾರಾ ನಟಿ, ಆಡುವ ಮಾತು ಇಬ್ಬರದೂ ಅಲ್ಲ. ಹೆಚ್ಚು ಜನಕ್ಕೆ ತಲುಪಲು ಎಂದು ಕಾರಣ ಕೊಡಬಹುದು, ಒಪ್ಪಬಹುದು. ಆದರೆ ಬೀಡಾ ಬೇಕೆನ್ನುವ ಒಂದು ಮಾತಾದರೂ ಭಾಂತುವಿನಲ್ಲಿದ್ದಿದ್ದರೆ? ಗಂಡನ ಹತ್ತಿರ ಹಿಂದಿಯಲ್ಲಿ ಯಾರು ಮುದ್ದು ಮಾಡಿಸಿಕೊಳ್ಳುತ್ತಾರೆ!

ಪುರುಲಿಯಾದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಬುಧನ್ ಸತ್ತ ಮೇಲೆ ಹೆಣವನ್ನು ಬೇಗ ಸುಟ್ಟುಬಿಡಲಿ ಎನ್ನುವುದು ಪೊಲೀಸರ ಆತುರ. ಶಬರರು ಹೆಣವನ್ನು ಅವನ ಗುಡಿಸಲೊಳಗೆ ಹೂತು, ಹುಲ್ಲಿನ ಗೊಂಬೆಯೊಂದನ್ನು ಕಟ್ಟಿ ಅದನ್ನು ಸುಟ್ಟರು. ಪೊಲೀಸರು ನಂಬಿದರು. ಆಮೇಲೆ ಕೋರ್ಟ್ ಹೇಳಿದಾಗ ಹೆಣ ಹೊರಗೆ ಬಂತು, ಮರುಪರೀಕ್ಷೆಯಾಯಿತು, ಏಟಿನ ಗುರುತುಗಳು ಸಿಕ್ಕವು. ‘ಬುಧನ್’ ನಾಟಕದ ಕೊನೆಯ ಭಾರ ಬೀಳುವುದು ಪೌರತ್ವದ ಆ ಪ್ರಶ್ನೆಯ ಮೇಲೆ, ಈ ಗೊಂಬೆಯ ಮೇಲಲ್ಲ. ಹುಬ್ಬಳ್ಳಿಯಲ್ಲೋ ಬೆಟಗೇರಿಯಲ್ಲೋ ಯಾರಾದರೂ ಇದನ್ನು ಕನ್ನಡದಲ್ಲಿ ಆಡುವುದಾದರೆ, ಪ್ರಶ್ನೆ ಬಿಟ್ಟು ಗೊಂಬೆ ಇಟ್ಟುಕೊಳ್ಳಲಿ. ಪೊಲೀಸನ ಪಾತ್ರವನ್ನು ಸೆಟ್ಲ್‌ಮೆಂಟಿನ ಹುಡುಗನಿಗೇ ಕೊಡಲಿ. ನಾಟಕ ಹೆಚ್ಚು ತಿರುಗಿ ನೋಡದ ಬೀಡಾ ಅಂಗಡಿಯವನಿಗೂ ಒಬ್ಬ ಒಳ್ಳೆಯ ನಟ ಬೇಕು. ಬುಧನನನ್ನು ಎಳೆದೊಯ್ದ ಮೇಲೂ ಅವನು ರಂಗದ ಮೇಲೇ ಇರಬೇಕು, ಅರ್ಧ ಕಟ್ಟಿದ ಬೀಡಾ ಕೈಯಲ್ಲಿ ಹಿಡಿದುಕೊಂಡು.