ಅಕ್ವಿನಾಸರ ಉತ್ತರವೂ ಹುಬ್ಬಳ್ಳಿಯ ನಿರ್ಣಯವೂ

2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ವಕೀಲರ ಸಂಘವು, ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರವಾಗಿ ತನ್ನ ಸದಸ್ಯರಾರೂ ವಕಾಲತ್ತು ವಹಿಸಬಾರದೆಂದು ನಿರ್ಣಯಿಸಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಇಂತಹ ನಿರ್ಣಯಗಳು ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಹೇಳಿತ್ತು; ನಮ್ಮ ಉಚ್ಚ ನ್ಯಾಯಾಲಯವೂ ಹುಬ್ಬಳ್ಳಿಯ ನಡೆಯನ್ನು ಆಕ್ಷೇಪಿಸಿತು. ಕಾನೂನಿನ ಮಾತು ಸ್ಪಷ್ಟವಾಗಿದೆ. ಆದರೆ ಪರ್ಕಳದಂತಹ ಊರಿನಿಂದ ಉಡುಪಿಯ ನ್ಯಾಯಾಲಯಕ್ಕೆ ಹೋಗಿಬರುವ ಕ್ರೈಸ್ತ ವಕೀಲರೊಬ್ಬರು, “ಊರೇ ದ್ವೇಷಿಸುವವನ ಪರ ನಿಂತರೆ ಪಾಪವೇ, ಫಾದರ್?” ಎಂದು ಕೇಳಿದರೆ ನಾವು ಏನು ಹೇಳುವೆವು?

ನಮ್ಮ ತರಗತಿಗಳಲ್ಲಿ ಥಟ್ಟನೆ ನೆನಪಾಗುವುದು ಸಂತ ತೋಮಸ್ ಅಕ್ವಿನಾಸರ ಉತ್ತರ. ‘ಸುಮ್ಮಾ’ದ ದ್ವಿತೀಯ ಭಾಗದ ಉತ್ತರಾರ್ಧದ 71ನೆಯ ಪ್ರಶ್ನೆಯಲ್ಲಿ, ಅನ್ಯಾಯದ ವ್ಯಾಜ್ಯವನ್ನು ತಿಳಿದೂ ಸಮರ್ಥಿಸುವ ವಕೀಲನು ಘೋರ ಪಾಪ ಮಾಡುತ್ತಾನೆಂದು ಅವರು ಬೋಧಿಸುತ್ತಾರೆ. ವಾಸಿಯಾಗದ ರೋಗಕ್ಕೆ ಚಿಕಿತ್ಸೆ ಮಾಡುವ ವೈದ್ಯನಿಂದ ಯಾರಿಗೂ ಕೇಡಿಲ್ಲ. ಅಂತಹ ವಕೀಲನಿಂದಲಾದರೋ ಎದುರು ಪಕ್ಷದವನಿಗೆ ಅನ್ಯಾಯವಾಗುತ್ತದೆ ಎಂಬುದು ಅವರ ವಾದ.

ಈ ಬೋಧನೆಯನ್ನು ಹುಬ್ಬಳ್ಳಿಯ ನಿರ್ಣಯಕ್ಕೆ ಆಧಾರವಾಗಿಸಲು ಬರುವುದಿಲ್ಲ. ಮೊದಲನೆಯದಾಗಿ, ಅಕ್ವಿನಾಸರು ‘ತಿಳಿದು’ ಎಂಬ ಷರತ್ತನ್ನು ವಿಧಿಸುತ್ತಾರೆ. ವಿಚಾರಣೆಗೆ ಮುನ್ನ ಊರಿಗಿರುವುದು ಕೋಪ; ಅದು ತಿಳಿವಲ್ಲ. ಎರಡನೆಯದಾಗಿ, ಅವರು ನಿಷೇಧಿಸುವುದು ಅನ್ಯಾಯದ ವ್ಯಾಜ್ಯವನ್ನೇ ಹೊರತು ಅಪ್ರಿಯನಾದ ವ್ಯಕ್ತಿಯನ್ನಲ್ಲ. ಜಾಮೀನು ಕೇಳುವುದು, ಆರೋಪವನ್ನು ಸಾಬೀತುಪಡಿಸಿರೆಂದು ಸರಕಾರಕ್ಕೆ ಹೇಳುವುದು ಸ್ವತಃ ನ್ಯಾಯವಾದ ಬೇಡಿಕೆಗಳೇ. ಸಂವಿಧಾನದ 22ನೆಯ ವಿಧಿಯು ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ನೆರವನ್ನು ಹಕ್ಕಾಗಿ ನೀಡಿದೆ.

ಅಕ್ವಿನಾಸರ ಹೋಲಿಕೆಗೂ ಒಂದು ಮಿತಿಯಿದೆಯೆಂದು ನಾವು ಒಪ್ಪಬೇಕು. ಅವರ ಕಣ್ಣ ಮುಂದಿರುವುದು ಇಬ್ಬರು ಕಕ್ಷಿದಾರರ ವ್ಯಾಜ್ಯ. ಇಂದಿನ ಕ್ರಿಮಿನಲ್ ಮೊಕದ್ದಮೆಯಲ್ಲಿ ಒಬ್ಬಂಟಿ ಆರೋಪಿಯ ಎದುರು ನಿಂತಿರುವುದು ಇಡೀ ಸರಕಾರ. ಇಲ್ಲಿ ತಪ್ಪೊಪ್ಪಿಕೊಂಡ ಕಕ್ಷಿದಾರನ ಪರವಾಗಿಯೂ ಸಾಕ್ಷ್ಯವನ್ನು ಪರೀಕ್ಷಿಸಬಹುದು, ಶಿಕ್ಷೆಯು ಮಿತಿಮೀರದಂತೆ ವಾದಿಸಬಹುದು.

ಆದರೂ ಅವರ ಎಚ್ಚರಿಕೆಯ ಹುರುಳು ಉಳಿಯುತ್ತದೆ. ಎದುರಿಗೆ ಸರಕಾರವಿದ್ದರೂ ಅದರ ಹಿಂದೆ ನೊಂದವರಿದ್ದಾರೆ. ಸುಳ್ಳು ಸಾಕ್ಷಿಯನ್ನು ಕಟ್ಟುವುದು, ಅತ್ಯಾಚಾರಕ್ಕೊಳಗಾದವಳ ಚಾರಿತ್ರ್ಯವನ್ನು ಕಟಕಟೆಯಲ್ಲಿ ಹರಾಜು ಹಾಕುವುದು ಸಮರ್ಥನೆಯಲ್ಲ, ಪಾಪವೇ. ಪಾಪನಿವೇದನೆ ಆಲಿಸುವ ಗುರುವು ವಕೀಲನನ್ನು ಕೇಳಬೇಕಾದುದು ‘ಯಾರ ಪರ ನಿಂತೆ?’ ಎಂದಲ್ಲ, ‘ಹೇಗೆ ವಾದಿಸಿದೆ?’ ಎಂದು.

ಸಂತ ಯೊವಾನ್ನರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ನಿಕೊದೇಮನು ಯೇಸುವಿನ ಬೋಧನೆಯನ್ನು ಸಮರ್ಥಿಸಲಿಲ್ಲ. ಆತನ ಮಾತನ್ನು ಕೇಳದೆ ತೀರ್ಪು ನೀಡುವುದು ಧರ್ಮಶಾಸ್ತ್ರಕ್ಕೆ ಸಮ್ಮತವೇ ಎಂದಷ್ಟೇ ಕೇಳಿದನು. ಅಷ್ಟಕ್ಕೇ ಸಹೋದ್ಯೋಗಿಗಳು ಅವನನ್ನು ಹೀಯಾಳಿಸಿದರು. ನಮ್ಮ ಧರ್ಮಕೇಂದ್ರಗಳ ವಕೀಲರು ಅಂತಹ ಹೀಯಾಳಿಕೆಗೆ ಗುರಿಯಾದಾಗ, ಅವರ ಜೊತೆ ನಿಲ್ಲುವ ಕರ್ತವ್ಯ ಅಲ್ಲಿನ ಗುರುಗಳದು.