ದುರಸ್ತಿಗಾರನಿಲ್ಲದ ಕಥೆ

ಇ.ಎಂ. ಫಾರ್ಸ್ಟರ್ ಎಂದೊಡನೆ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ನೆನಪಾಗುವುದು 1924ರಲ್ಲಿ ಪ್ರಕಟವಾದ ‘ಎ ಪ್ಯಾಸೇಜ್ ಟು ಇಂಡಿಯ’ ಕಾದಂಬರಿ. ವಿಜ್ಞಾನದ ಅಧ್ಯಾಪಕರೂ ವಿದ್ಯಾರ್ಥಿಗಳೂ ಓದಬೇಕಾದ ಅವರ ಬರಹ ಬೇರೊಂದಿದೆ. ಅದು 1909ರಲ್ಲಿ ಬೆಳಕು ಕಂಡ ‘ದ ಮಷೀನ್ ಸ್ಟಾಪ್ಸ್’ ಎಂಬ ನೀಳ್ಗತೆ. ಬಾನುಲಿ ಪ್ರಸಾರವೂ ದೂರದರ್ಶನವೂ ಇಲ್ಲದಿದ್ದ ಕಾಲದಲ್ಲಿ ಲೇಖಕರು ಮುಖ ನೋಡಿ ಮಾತನಾಡುವ ಸಾಧನವನ್ನೂ ಮನೆಯಿಂದಲೇ ಉಪನ್ಯಾಸ ನೀಡುವ ವ್ಯವಸ್ಥೆಯನ್ನೂ ಊಹಿಸಿದ್ದರೆಂದು ಈ ಕಥೆಯನ್ನು ಈಗ ಹೊಗಳುವುದುಂಟು. 2020ರ ಲಾಕ್‌ಡೌನ್ ದಿನಗಳಲ್ಲಂತೂ ಈ ಹೊಗಳಿಕೆ ಹೆಚ್ಚಿತು. ಹೊಗಳಿಕೆ ತಪ್ಪಲ್ಲ. ಆದರೆ ಕಥೆಯ ನಿಜವಾದ ತಿರುಳನ್ನು ಅದು ಮರೆಮಾಡುತ್ತದೆ ಎಂಬುದು ನನ್ನ ತಕರಾರು. ಫಾರ್ಸ್ಟರ್ ಬರೆದದ್ದು ಸಂಪರ್ಕದ ಕಥೆಯಲ್ಲ, ದುರಸ್ತಿಯ ಕಥೆ.

ಕಥೆ ಓದಿರದವರಿಗಾಗಿ ಎರಡು ಮಾತು. ಮನುಷ್ಯರೆಲ್ಲ ನೆಲದಡಿಯ ಕೋಣೆಗಳಲ್ಲಿ ಬದುಕುತ್ತಿದ್ದಾರೆ. ಒಬ್ಬರಿಗೊಂದು ಕೋಣೆ, ಜೇನುಗೂಡಿನ ಕಣದಂತೆ ಆರು ಮೂಲೆಯದು. ಗುಂಡಿ ಒತ್ತಿದರೆ ಊಟ, ಗುಂಡಿ ಒತ್ತಿದರೆ ಸ್ನಾನ, ಸಂಗೀತ. ವಾಷ್ಟಿ ಎಂಬಾಕೆ ಕುರ್ಚಿ ಬಿಟ್ಟು ಏಳದೆ ಪಾಠ ಹೇಳುತ್ತಾಳೆ. ಭೂಗೋಳದ ಇನ್ನೊಂದು ಬದಿಯಲ್ಲಿರುವ ಮಗ ಕೂನೋನ ಮುಖವನ್ನು ಹೊಳೆಯುವ ತಟ್ಟೆಯಲ್ಲಿ ಕಾಣುತ್ತಾಳೆ. ಎಲ್ಲವನ್ನೂ ನಡೆಸುವುದು ‘ಯಂತ್ರ’. ಅದರ ಕೈಪಿಡಿ ಬರಬರುತ್ತ ಪೂಜೆಯ ಗ್ರಂಥವಾಗಿದೆ. ಕೂನೋ ಮಾತ್ರ ಅಪ್ಪಣೆಯಿಲ್ಲದೆ ನೆಲದ ಮೇಲಕ್ಕೆ ಹತ್ತಿ ಹೋಗುತ್ತಾನೆ. ಅವನನ್ನು ಮತ್ತೆ ಒಳಕ್ಕೆ ಎಳೆದು ತರುವುದು ಬಿಳಿಯ ಉದ್ದನೆಯ ಹುಳುಗಳಂಥ ಸಾಧನಗಳು. ಅವು ‘ದುರಸ್ತಿ ಯಂತ್ರಾಂಗ’ದ ಭಾಗಗಳು. ಯಂತ್ರ ಕೆಟ್ಟರೆ ಸರಿಪಡಿಸುವುದೂ ಯಂತ್ರವೇ!

ಕಥೆಯ ಮೂರನೆಯ ಭಾಗವನ್ನು ನಿಧಾನವಾಗಿ ಓದಿ. ಮೊದಲು ಸಂಗೀತದಲ್ಲಿ ಏದುಸಿರಿನಂಥ ಸದ್ದು ಸೇರಿಕೊಳ್ಳುತ್ತದೆ. ಜನ ಗೊಣಗುತ್ತಾರೆ. ‘ದುರಸ್ತಿ ಸಮಿತಿ’ಗೆ ದೂರು ಹೋಗುತ್ತದೆ, ಬೇಗನೆ ಸರಿಹೋಗುತ್ತದೆ ಎಂಬ ಉತ್ತರ ಬರುತ್ತದೆ. ಸರಿಹೋಗುವುದಿಲ್ಲ. ಸ್ವಲ್ಪ ದಿನಕ್ಕೆ ಆ ಸದ್ದು ಸಂಗೀತದ ಭಾಗವೆಂಬಂತೆ ಕಿವಿಗೆ ರೂಢಿಯಾಗಿಬಿಡುತ್ತದೆ. ಆಮೇಲೆ ಹಣ್ಣಿಗೆ ಬೂಸಲು, ಸ್ನಾನದ ನೀರಿಗೆ ನಾತ. ಅದಕ್ಕೂ ಒಗ್ಗಿಕೊಳ್ಳುತ್ತಾರೆ. ಕೊನೆಗೊಂದು ದಿನ ಸಮಿತಿಯೇ ಪ್ರಕಟಿಸುತ್ತದೆ, ದುರಸ್ತಿ ಯಂತ್ರಾಂಗವೇ ದುರಸ್ತಿಗೆ ಬಂದಿದೆ ಎಂದು. ಅಲ್ಲಿಂದ ಮುಂದೆ ಕುಸಿತಕ್ಕೆ ಹೆಚ್ಚು ಕಾಲ ಹಿಡಿಯುವುದಿಲ್ಲ.

ಭೌತವಿಜ್ಞಾನದ ದೃಷ್ಟಿಯಿಂದ ಇದು ಆಶ್ಚರ್ಯ ಹುಟ್ಟಿಸುವಷ್ಟು ಸರಿಯಾದ ವರ್ಣನೆ. ಯಂತ್ರಗಳು ಕೆಡುವುದರಲ್ಲಿ ಎರಡು ಬಗೆ. ಒಂದು ನಿಧಾನದ ಸವೆತ, ಇನ್ನೊಂದು ಸರಪಳಿಯಂತೆ ನಡೆಯುವ ಹಠಾತ್ ಕುಸಿತ. ನಾವು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಪಾಠ ಮಾಡುತ್ತೇವೆ. ಮೊದಲನೆಯದನ್ನು ಸಹಿಸಿಕೊಂಡದ್ದೇ ಎರಡನೆಯದಕ್ಕೆ ದಾರಿ ಎಂಬುದನ್ನು ಸಾಹಿತ್ಯದ ವ್ಯಕ್ತಿಯೊಬ್ಬರು ಹಿಡಿದುಕೊಟ್ಟಿದ್ದಾರೆ.

ಇದಕ್ಕೆ ನಮ್ಮ ದೇಶದ್ದೇ ನಿದರ್ಶನ ಇದೆ. 2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಹೇಗೋ ಸರಿಪಡಿಸಿದರು. ಮರುದಿನ ಮಧ್ಯಾಹ್ನ 1 ಗಂಟೆಯ ಹೊತ್ತಿಗೆ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಒಟ್ಟಿಗೆ ಕುಸಿದವು. ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶ ಅದು. ಎರಡು ದಿನವೂ ಕುಸಿತಕ್ಕೆ ನಾಂದಿಯಾದದ್ದು ಬೀನಾ ಮತ್ತು ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಮಾರ್ಗ ಕಳಚಿಕೊಂಡದ್ದು. ಸ್ವಾರಸ್ಯವೆಂದರೆ, ಆ ಮಾರ್ಗದಲ್ಲಿ ದೋಷವೇನೂ ಇರಲಿಲ್ಲ. ಮಾರ್ಗವನ್ನು ಕಾಯುವ ರಿಲೇ ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿ ನೋಡುತ್ತಿರುತ್ತದೆ. ಭಾಗಲಬ್ಧ ತೀರಾ ಕಡಿಮೆಯಾದರೆ ಎಲ್ಲೋ ತಂತಿ ತಾಗಿದೆ ಎಂದು ತೀರ್ಮಾನಿಸಿ ಮಾರ್ಗವನ್ನು ತೆರೆಯುತ್ತದೆ. ರಾಜ್ಯಗಳು ನಿಗದಿಗಿಂತ ಹೆಚ್ಚು ಸೆಳೆಯುತ್ತಿದ್ದವು, ಜೊತೆಯ ಮಾರ್ಗವನ್ನು ಮೇಲ್ದರ್ಜೆಗೇರಿಸುವ ಕೆಲಸಕ್ಕಾಗಿ ಬಂದ್ ಮಾಡಲಾಗಿತ್ತು. ಉಳಿದೊಂದು ಮಾರ್ಗದಲ್ಲಿ ಪ್ರವಾಹ ಏರಿತು, ವೋಲ್ಟೇಜು ಇಳಿಯಿತು, ಭಾಗಲಬ್ಧ ಕುಗ್ಗಿತು. ರಿಲೇ ತನಗೆ ಕಲಿಸಿದ್ದನ್ನು ಮಾಡಿತು. ನಿಗದಿ ಮೀರಿ ಸೆಳೆಯುವುದಾದರೋ ಹೊಸದಲ್ಲ. ಫಾರ್ಸ್ಟರ್ ಕಥೆಯ ಸಂಗೀತದ ಏದುಸಿರಿನಂತೆ ಅದು ಎಲ್ಲರಿಗೂ ರೂಢಿಯಾಗಿತ್ತು.

ಕುಸಿದ ಜಾಲವನ್ನು ಎಬ್ಬಿಸುವ ಕೆಲಸ ಇನ್ನೂ ಕುತೂಹಲದ್ದು. ಕಲ್ಲಿದ್ದಲಿನ ಸ್ಥಾವರ ವಿದ್ಯುತ್ ಉತ್ಪಾದಿಸಬೇಕಾದರೆ ಅದಕ್ಕೇ ಮೊದಲು ವಿದ್ಯುತ್ ಬೇಕು. ಕಲ್ಲಿದ್ದಲು ಪುಡಿ ಮಾಡುವ ಗಿರಣಿ, ನೀರೆತ್ತುವ ಪಂಪು, ಗಾಳಿಯೂದುವ ಫ್ಯಾನು ಇವೆಲ್ಲ ಅದು ತಯಾರಿಸುವ ವಿದ್ಯುತ್ತಿನ ನೂರಕ್ಕೆ 6ರಿಂದ 9 ಪಾಲನ್ನು ತಾವೇ ನುಂಗುತ್ತವೆ. ಜಾಲ ಸತ್ತಿದ್ದರೆ ಈ ಮೊದಲ ತುತ್ತು ಎಲ್ಲಿಂದ? ಜಲವಿದ್ಯುತ್ ಘಟಕಗಳಿಂದ, ಇಲ್ಲವೇ ಬದುಕುಳಿದ ನೆರೆಯ ಜಾಲದಿಂದ. ನೀರು ಎತ್ತರದಲ್ಲಿ ಕಾಯುತ್ತಿರುತ್ತದೆ. ದ್ವಾರ ತೆರೆಯಲು ಸಣ್ಣ ಡೀಸೆಲ್ ಜನರೇಟರು ಸಾಕು. ನಮ್ಮ ಶರಾವತಿಯಂಥ ಜಲವಿದ್ಯುತ್ತಿನ ಬೆಲೆಯನ್ನು ಯೂನಿಟ್ಟಿನ ಲೆಕ್ಕದಲ್ಲಿ ಮಾತ್ರ ಅಳೆಯುವವರು ಈ ಅಂಶವನ್ನು ಮರೆಯುತ್ತಾರೆ.

ಆ ಎರಡು ದಿನ ಕರ್ನಾಟಕಕ್ಕೆ ಏನೂ ಆಗಲಿಲ್ಲ. ದಕ್ಷಿಣದ ಜಾಲ ಆಗ ಉಳಿದ ಭಾರತದೊಂದಿಗೆ ಒಂದೇ ಲಯದಲ್ಲಿ ಬೆಸೆದಿರಲಿಲ್ಲ. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬರುವಂಥ ನೇರ ವಿದ್ಯುತ್ತಿನ ಕೊಂಡಿಗಳ ಮೂಲಕವಷ್ಟೇ ಸಂಬಂಧ ಇತ್ತು. ಅಂಥ ಕೊಂಡಿ ಶಕ್ತಿಯನ್ನು ದಾಟಿಸುತ್ತದೆ, ಆವರ್ತಾಂಕದ ತಲ್ಲಣವನ್ನು ದಾಟಿಸುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ಇಡೀ ದೇಶ ಒಂದೇ ಜಾಲವಾಯಿತು. ಕೊರತೆಯಾದಾಗ ನಮಗೆ ದೂರದಿಂದ ವಿದ್ಯುತ್ ಬರುತ್ತದೆ, ಇದು ದೊಡ್ಡ ಲಾಭ. ದೂರದ ತಲ್ಲಣವೂ ಬರಬಲ್ಲದು, ಇದು ಅದೇ ಲಾಭದ ಇನ್ನೊಂದು ಮುಖ.

ದುರಸ್ತಿಯ ಸಾಧನವೇ ಕೆಟ್ಟ ವ್ಯವಸ್ಥೆಯ ಒಳಗೆ ಸಿಕ್ಕಿಕೊಂಡಿದ್ದರೆ ಏನಾಗುತ್ತದೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆ ಸ್ತಬ್ಧವಾದವು. ನಿರ್ವಹಣೆಯ ಕೆಲಸದಲ್ಲಿ ಕೊಟ್ಟ ಆದೇಶವೊಂದು ಕಂಪನಿಯ ಜಾಲವನ್ನೇ ಕಡಿದುಹಾಕಿತ್ತು. ದೋಷ ಹುಡುಕುವ ಒಳಗಿನ ಸಾಧನಗಳು ಅದೇ ಜಾಲವನ್ನು ನಂಬಿದ್ದರಿಂದ ಅವೂ ಕೈಕೊಟ್ಟವು. ಕೊನೆಗೆ ಎಂಜಿನಿಯರುಗಳು ಖುದ್ದಾಗಿ ದತ್ತಾಂಶ ಕೇಂದ್ರಗಳಿಗೆ ಹೋಗಬೇಕಾಯಿತು. 2024ರ ಜುಲೈ 19ರದು ಇನ್ನೂ ದೊಡ್ಡದು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿ ಕಳಿಸಿದ ದೋಷಪೂರಿತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ಕಂಪನಿ 78 ನಿಮಿಷಗಳಲ್ಲಿ ಆ ಕಡತವನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಕುಸಿದಿದ್ದ ಗಣಕಗಳಲ್ಲಿ ಬಹುಪಾಲಿಗೆ ಅದರಿಂದ ಉಪಯೋಗವಾಗಲಿಲ್ಲ. ತಿದ್ದುಪಡಿ ಇಳಿಸಿಕೊಳ್ಳಲು ಗಣಕ ಎದ್ದು ನಿಲ್ಲಬೇಕು, ಎದ್ದು ನಿಲ್ಲಲು ತಿದ್ದುಪಡಿ ಬೇಕು. ಪ್ರತಿಯೊಂದರ ಮುಂದೆ ಒಬ್ಬ ಮನುಷ್ಯ ಕುಳಿತು, ಸುರಕ್ಷಿತ ಸ್ಥಿತಿಯಲ್ಲಿ ಚಾಲೂ ಮಾಡಿ, ಆ ಕಡತವನ್ನು ಅಳಿಸಬೇಕಾಯಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಬರೆಯಬಲ್ಲವರು ಇನ್ನೂ ಇದ್ದರಲ್ಲ!

ಇಲ್ಲಿಗೆ ಫಾರ್ಸ್ಟರರ ಬಲ ಹೇಳಿಯಾಯಿತು. ಈಗ ಅವರ ದೌರ್ಬಲ್ಯ. ಕಥೆಯಲ್ಲಿ ಎಲ್ಲರೂ ಇದ್ದಾರೆ: ಯಂತ್ರವನ್ನು ಪೂಜಿಸುವ ತಾಯಿ, ಅದನ್ನು ಧಿಕ್ಕರಿಸುವ ಮಗ, ಉತ್ತರ ಕೊಡುವ ಸಮಿತಿ, ಮೇಲೆ ಮಂಜಿನಲ್ಲಿ ಅಡಗಿರುವ ನಿರ್ವಸಿತರು. ಸ್ಕ್ರೂಡ್ರೈವರ್ ಹಿಡಿದ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಒಬ್ಬೊಬ್ಬರು ಯಂತ್ರದ ಒಂದೊಂದು ಚೂರನ್ನು ಮಾತ್ರ ಬಲ್ಲರು, ಪೂರ್ತಿ ಬಲ್ಲವರು ಸತ್ತುಹೋಗಿದ್ದಾರೆ ಎಂದು ಲೇಖಕರು ಹೇಳಿ ಮುಂದೆ ಸಾಗುತ್ತಾರೆ. ಈ ಜ್ಞಾನ ಹೇಗೆ ಕಳೆದುಹೋಯಿತು? ಯಾರಾದರೂ ಕಲಿಯಲು ಹೊರಟಿದ್ದರೆ ಅವರಿಗೇನಾಯಿತು? ಕಥೆಗೆ ಈ ಪ್ರಶ್ನೆಗಳಲ್ಲಿ ಆಸಕ್ತಿಯಿಲ್ಲ. ಎಚ್.ಜಿ. ವೆಲ್ಸ್ ಕಲ್ಪಿಸಿದ ಯಂತ್ರಸ್ವರ್ಗಕ್ಕೆ ಪ್ರತಿಯಾಗಿ ಬರೆದ ಕಥೆಯಿದು. ಆ ಜಗಳದ ಭರದಲ್ಲಿ ಲೇಖಕರು ಓದುಗನ ಮುಂದೆ ಎರಡೇ ಆಯ್ಕೆ ಇಡುತ್ತಾರೆ, ಯಂತ್ರದ ಭಕ್ತಿ ಅಥವಾ ಯಂತ್ರದಿಂದ ಪಲಾಯನ. ಯಂತ್ರವನ್ನು ಬಿಚ್ಚಿ ನೋಡುವವನಿಗೆ ಎರಡೂ ಬೇಕಿಲ್ಲ. ಅವನು ಅದನ್ನು ಪೂಜಿಸುವುದಿಲ್ಲ, ಏಕೆಂದರೆ ಒಳಗಿನ ಧೂಳು ಕಂಡಿದ್ದಾನೆ. ಬಿಟ್ಟು ಓಡುವುದೂ ಇಲ್ಲ.

ಇಂಥವನನ್ನು ಕಥೆ ಕೈಬಿಟ್ಟಿದ್ದಕ್ಕೆ ಕಾರಣ ಲೇಖಕರ ಒಲವು. ನಮ್ಮ ಕಾಲ ಕೈಬಿಡುತ್ತಿರುವುದಕ್ಕೆ ಕಾರಣ ವ್ಯಾಪಾರ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಎಷ್ಟೋ ಸಲ ಹಿಂಬದಿಯ ಹಲಗೆಯ ಒಳಗೆ ಮಂಡಲದ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಈಗಿನ ಉಪಕರಣ ಬಿಚ್ಚಹೊರಟರೆ ಮೊದಲು ಸಿಗುವುದು ಅಂಟು, ಆಮೇಲೆ ಪೇಟೆಯಲ್ಲಿ ಸುಲಭಕ್ಕೆ ಸಿಗದ ಉಪಕರಣ ಬೇಡುವ ವಿಚಿತ್ರ ತಲೆಯ ಸ್ಕ್ರೂ, ಅದರಾಚೆ ಹೆಸರು ಉಜ್ಜಿ ಅಳಿಸಿದ ಚಿಪ್ಪು. ನಮ್ಮ ವಿಭಾಗದ ಪವರ್ ಸಪ್ಲೈ ಒಂದು ಕೆಟ್ಟಾಗ ತಯಾರಕರ ಪ್ರತಿನಿಧಿ ಬಂದು, ತೆರೆದೂ ನೋಡದೆ, ಇಡೀ ಬೋರ್ಡು ಬದಲಿಸಬೇಕೆಂದರು. ಬೆಲೆ ಹೊಸದರ ಅರ್ಧಕ್ಕಿಂತ ಹೆಚ್ಚು. ಪ್ರಯೋಗಾಲಯದ ಸಹಾಯಕರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎರಡು ಕೆಪಾಸಿಟರುಗಳನ್ನು ಬೆಸುಗೆ ಹಾಕಿದ ಮೇಲೆ ಅದು ಮತ್ತೆ ಕೆಲಸ ಮಾಡಿತು. ಎರಡಕ್ಕೂ ಸೇರಿ ಕಾಫಿ ತಿಂಡಿಯ ದುಡ್ಡಾಗಲಿಲ್ಲ. ಆಮೇಲೆ ಬಂದದ್ದು ಲೆಕ್ಕಪತ್ರದ ತೊಡಕು: ಬೋರ್ಡು ಬದಲಿಸಲು ಬಿಲ್ಲಿನ ಶೀರ್ಷಿಕೆ ಇದೆ, ಬಿಡಿ ಕೆಪಾಸಿಟರಿಗೆ ಇಲ್ಲ.

ಈ ಕೆಪಾಸಿಟರ್ ಅಥವಾ ಧಾರಕದ ವಿಷಯ ತರಗತಿಗೆ ತರಬೇಕಾದದ್ದು. ಎಲೆಕ್ಟ್ರೊಲೈಟಿಕ್ ಧಾರಕದ ಒಳಗೆ ದ್ರವವಿರುತ್ತದೆ, ಅದು ಕ್ರಮೇಣ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು ಸೂತ್ರ. ರಾಸಾಯನಿಕ ಕ್ರಿಯೆಯ ವೇಗಕ್ಕೆ ಸಂಬಂಧಿಸಿದ ಅರ್ಹೇನಿಯಸ್ ನಿಯಮವೇ ಇದರ ಬೇರು. 105 ಡಿಗ್ರಿ ಸೆಲ್ಸಿಯಸ್, 2000 ಗಂಟೆ ಎಂದು ನಮೂದಾಗಿರುವ ಧಾರಕ ತೆಗೆದುಕೊಳ್ಳಿ. 65 ಡಿಗ್ರಿಯಲ್ಲಿಟ್ಟರೆ ಆಯುಸ್ಸು 16 ಪಟ್ಟು, ಅಂದರೆ 32,000 ಗಂಟೆ, ಬಿಡುವಿಲ್ಲದೆ ನಡೆದರೂ ಮೂರೂವರೆ ವರ್ಷಕ್ಕೆ ಮೀರಿದ ಬಾಳಿಕೆ. ಗಾಳಿಕಿಂಡಿ ಇಲ್ಲದ ಚೆಂದದ ಡಬ್ಬಿಯಲ್ಲಿ 85 ಡಿಗ್ರಿಗೆ ಬೇಯಿಸಿದರೆ 8000 ಗಂಟೆ, ಸುಮಾರು 333 ದಿನ. ವಾರಂಟಿ ಎಷ್ಟು ದಿನದ್ದು ಎಂದು ನೀವೇ ಹೋಲಿಸಿಕೊಳ್ಳಿ. ತಯಾರಕರು ಬೇಕೆಂದೇ ಹೀಗೆ ಮಾಡುತ್ತಾರೆಂದು ನಾನು ಆರೋಪಿಸುತ್ತಿಲ್ಲ. ಆದರೆ ಧಾರಕವನ್ನು ಶಾಖದ ಮೂಲದ ಪಕ್ಕದಲ್ಲೇ ಕೂರಿಸುವವರಿಗೆ ಈ ಲೆಕ್ಕ ಗೊತ್ತಿಲ್ಲವೆಂದೂ ನಂಬಲಾರೆ.

ಕಾನೂನು ಸ್ವಲ್ಪ ಎಚ್ಚೆತ್ತಿದೆ. ಫ್ರಾನ್ಸಿನಲ್ಲಿ 2021ರಿಂದ ಕೆಲವು ಬಗೆಯ ಉಪಕರಣಗಳ ಮೇಲೆ ದುರಸ್ತಿ ಎಷ್ಟು ಸುಲಭವೆಂದು ಹತ್ತಕ್ಕೆ ಅಂಕ ನಮೂದಿಸಬೇಕು. ದುರಸ್ತಿಯ ಹಕ್ಕಿನ ಬಗ್ಗೆ ಯುರೋಪಿಯನ್ ಒಕ್ಕೂಟ 2024ರಲ್ಲಿ ನಿರ್ದೇಶನ ಹೊರಡಿಸಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ ಇದಕ್ಕಾಗಿ ಸಮಿತಿ ರಚಿಸಿತು. ಸಮಿತಿ ಎಂದ ಕೂಡಲೇ ನನಗೆ ಫಾರ್ಸ್ಟರ್ ನೆನಪಾಗುತ್ತಾರೆ, ಕ್ಷಮಿಸಿ.

ಆದರೆ ಹಕ್ಕು ಸಿಕ್ಕರೂ ಬಳಸುವ ಕೈ ಬೇಕಲ್ಲ. ನಮ್ಮ ಪ್ರಯೋಗಾಲಯಗಳನ್ನೇ ನೋಡಿ. ಡಯೋಡಿನ ಪ್ರಯೋಗ, ಟ್ರಾನ್ಸಿಸ್ಟರಿನ ಪ್ರಯೋಗ ಎಲ್ಲವೂ ಮುಚ್ಚಿದ ಪೆಟ್ಟಿಗೆಗಳಾಗಿ ಬಂದಿವೆ. ಮೇಲೆ ಮಂಡಲದ ಚಿತ್ರ ಅಚ್ಚಾಗಿದೆ, ನಾಲ್ಕು ತೂತುಗಳಿವೆ. ವಿದ್ಯಾರ್ಥಿ ತಂತಿ ಸಿಕ್ಕಿಸಿ, ರೀಡಿಂಗ್ ಬರೆದು, ಗ್ರಾಫ್ ಎಳೆದು ಅಂಕ ಪಡೆಯುತ್ತಾನೆ. ರೀಡಿಂಗ್ ಬಾರದಿದ್ದರೆ ಪೆಟ್ಟಿಗೆ ಬದಲಿಸಿಕೊಡುತ್ತೇವೆ. ಏಕೆ ಬರಲಿಲ್ಲ ಎಂದು ಹುಡುಕುವುದಕ್ಕೆ ಅಂಕವೂ ಇಲ್ಲ, ಸಮಯವೂ ಇಲ್ಲ. ಬೀದಿ ಬದಿಯಲ್ಲಿ ಎಲ್ಇಡಿ ಬಲ್ಬು ರಿಪೇರಿ ಮಾಡುವ ಹುಡುಗನಿಗೆ, ಸರಣಿಯಲ್ಲಿ ಜೋಡಿಸಿದ ದೀಪಗಳಲ್ಲಿ ಒಂದು ಸತ್ತರೆ ಎಲ್ಲವೂ ಕತ್ತಲಾಗುತ್ತವೆ ಎಂಬುದು ಬೆರಳ ತುದಿಯಲ್ಲಿದೆ. ನಮ್ಮ ಪದವಿ ತರಗತಿಯಲ್ಲಿ ಅದೇ ಸಂಗತಿ ಎರಡು ಅಂಕದ ಪ್ರಶ್ನೆಯಾಗಿ ಉಳಿದಿದೆ.

ಆದುದರಿಂದ ಅಧ್ಯಾಪಕ ಮಿತ್ರರಿಗೆ ಒಂದು ಸಲಹೆ. ಕಥೆಯ ಮೂರನೆಯ ಭಾಗವನ್ನು ವಿದ್ಯಾರ್ಥಿಗಳಿಗೆ ಓದಲು ಕೊಡಿ, ಜೊತೆಗೆ ಮೇಜಿನ ಮೇಲೆ ಕೆಟ್ಟ ಪವರ್ ಸಪ್ಲೈ ಒಂದನ್ನು ಇಡಿ. ನಕ್ಷೆ ಇಲ್ಲದಿದ್ದರೆ ಅವರೇ ತಂತಿಯ ಜಾಡು ಹಿಡಿದು ಬರೆಯಲಿ. ಒಂದು ಮಧ್ಯಾಹ್ನ ಸಾಲದು, ಮೂರು ಬೇಕಾದೀತು. ಕೊನೆಗೂ ಅದು ನಡೆಯದೆ ಇರಬಹುದು. ಒಂದು ಎಚ್ಚರಿಕೆ ಮಾತ್ರ ತಪ್ಪದಿರಲಿ. 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು ನೇರಗೊಳಿಸಿದಾಗ ಮುಖ್ಯ ಧಾರಕದ ಮೇಲೆ ಸುಮಾರು 325 ವೋಲ್ಟ್ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಅಲ್ಲೇ ಇರುತ್ತದೆ. ಮುಚ್ಚಳ ತೆರೆಯುವುದು ಮೊದಲ ಸಲ ಅಧ್ಯಾಪಕರ ಕೆಲಸ. ಸೂಕ್ತ ರೋಧಕದ ಮೂಲಕ ಧಾರಕವನ್ನು ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಮಕ್ಕಳ ಕೈಗೆ ಕೊಡಿ.