ಮೈಗೆ ಹೊಗಳಿಕೆ, ಮತಿಗೆ ಮರೆವು

ಅಡಕೆ ಸುಗ್ಗಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ತೋಟಗಳಿಗೆ ಹೋದವರು ಕೊನೆಗಾರನ ಕೆಲಸವನ್ನು ನೋಡಿಯೇ ಇರುತ್ತಾರೆ. ನೆಲಕ್ಕಿಳಿಯದೆ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಆತ ದಾಟುವುದನ್ನು ಕಂಡು ಬೆರಗಾಗದವರಿಲ್ಲ. ಆಗ ಕೆಳಗೆ ನಿಂತವರ ಬಾಯಿಂದ ಬರುವ ಮೆಚ್ಚುಗೆ ಸಾಮಾನ್ಯವಾಗಿ ಒಂದೇ: "ಥೇಟು ಮಂಗನ ಹಾಗೆ ಹತ್ತುತ್ತಾನೆ, ಅವರಿಗೆ ಅದು ಹುಟ್ಟಿನಿಂದಲೇ ಬಂದದ್ದು." ಹೇಳಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಯಾವ ಕೊನೆ ಬಲಿತಿದೆ, ಯಾವುದನ್ನು ಮುಂದಿನ ಕೊಯ್ಲಿಗೆ ಬಿಡಬೇಕು, ಯಾವ ಮರ ಭಾರ ತಾಳೀತು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವ ಅವನ ಕಣ್ಣಿಗೆ, ಆ ಕಣ್ಣಿನ ಹಿಂದಿರುವ ಬುದ್ಧಿಗೆ, ಈ ಹೊಗಳಿಕೆಯಲ್ಲಿ ಸ್ಥಳವೆಲ್ಲಿದೆ?

ಈ ಮಾತು ತೋಟದಲ್ಲೇ ಉಳಿದಿದ್ದರೆ ವಿಮರ್ಶೆಗೆ ವಸ್ತುವಾಗುತ್ತಿರಲಿಲ್ಲ. ಅದು ಅಚ್ಚಿನ ಉಡುಪು ತೊಟ್ಟು ಪತ್ರಿಕೆಗಳ ಕ್ರೀಡಾಪುಟದಲ್ಲಿ ಬಂದು ಕುಳಿತಿದೆ. ಕಥೆ, ಕವನಗಳ ಒಂದೊಂದು ವಿಶೇಷಣವನ್ನೂ ತೂಗಿ ನೋಡುವ ನಾವು ಕ್ರೀಡಾವರದಿಯ ವಿಶೇಷಣಗಳನ್ನು ಮಾತ್ರ ತೂಕವಿಲ್ಲದೆ ಒಪ್ಪಿಕೊಳ್ಳುತ್ತೇವೆ.

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ತಮ್ಮ ಕೋಣಗಳೊಡನೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಪತ್ರಿಕೆಗಳು ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ತೆಗೆದು, ಉಸೇನ್ ಬೋಲ್ಟರ 9.58ರ ವಿಶ್ವದಾಖಲೆಯ ಪಕ್ಕದಲ್ಲಿಟ್ಟವು. ಗೌಡರ ಮಾಂಸಖಂಡಗಳ ಚಿತ್ರ ದೇಶವನ್ನೆಲ್ಲ ಸುತ್ತಿತು. ಎರಡು ಕೋಣಗಳ ಗತಿಯನ್ನು ಒಂದಾಗಿಸುವುದು, ಅವುಗಳ ಮನಸ್ಸನ್ನರಿತು ಕೆಸರಿನಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸುವುದು ವರ್ಷಗಳ ವಿದ್ಯೆ. ಆ ವಿದ್ಯೆಯ ಬಗ್ಗೆ ಎಷ್ಟು ಸಾಲು ಬಂದವು? ಕೋಣಗಳಿಗೂ ಪಾಲು ಸಲ್ಲಬೇಕು, ತನ್ನ ಓಟವೇ ಬೇರೆ, ಬೋಲ್ಟರ ಓಟವೇ ಬೇರೆ ಎಂದು ವಿವೇಕದ ಮಾತಾಡಿದವರು ಓಟಗಾರರೇ ಹೊರತು ಅವರನ್ನು ಹೊಗಳಿದವರಲ್ಲ.

ಈ ಬಗೆಯ ಹೊಗಳಿಕೆ ವರ್ಣಭೇದದ ಜೊತೆ ಸೇರಿದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ಸ್ಪಷ್ಟ ನಿದರ್ಶನವಿದೆ. ಅಲ್ಲಿಯ ಫುಟ್‌ಬಾಲಿನಲ್ಲಿ 'ಕ್ವಾರ್ಟರ್‌ಬ್ಯಾಕ್' ಎಂಬಾತ ತಂಡದ ಸೂತ್ರಧಾರ. ಎದುರಾಳಿಯ ವ್ಯೂಹವನ್ನು ಓದಿ ಆಟ ನಡೆಸುವವನು. ಈ ಸ್ಥಾನದ ಬಿಳಿಯ ಆಟಗಾರನನ್ನು ಬುದ್ಧಿವಂತನೆಂದೂ, ಕಪ್ಪು ಆಟಗಾರನನ್ನು ಹುಟ್ಟು ಬಲಶಾಲಿಯೆಂದೂ ವರ್ಣಿಸುವುದು ಅಲ್ಲಿಯ ವರದಿಗಾರರಿಗೆ ಬಹುಕಾಲ ರೂಢಿಯಾಗಿತ್ತು. 1978ರಲ್ಲಿ ವಾರನ್ ಮೂನ್ ಎಂಬ ಕಪ್ಪು ತರುಣನನ್ನು ಯಾವ ತಂಡವೂ ಆಯ್ದುಕೊಳ್ಳಲಿಲ್ಲ. ಆರು ವರ್ಷ ಕೆನಡಾದಲ್ಲಿ ಆಡಿ ಗೆದ್ದ ಮೇಲೆಯೇ ತಾಯ್ನಾಡು ಆತನನ್ನು ಕರೆಯಿತು. 2018ರಲ್ಲಿಯೂ ಲಮಾರ್ ಜಾಕ್ಸನ್ ಸೂತ್ರಧಾರನ ಸ್ಥಾನ ಬಿಟ್ಟು, ಓಡಿ ಚೆಂಡು ಹಿಡಿಯುವ ಸ್ಥಾನಕ್ಕೆ ಹೋಗಲೆಂದು ಪಂಡಿತರೊಬ್ಬರು ಸಲಹೆ ಕೊಟ್ಟರು. ಮರುವರ್ಷದ ಪಂದ್ಯಾವಳಿಯಲ್ಲಿ ಆತನೇ ಸರ್ವಾನುಮತದಿಂದ ಅತ್ಯುತ್ತಮ ಆಟಗಾರನಾದ.

ದೂರದ ದೇಶದ ಕಥೆಯೆಂದು ನಾವು ನಿಟ್ಟುಸಿರು ಬಿಟ್ಟು ಸುಮ್ಮನಾಗುವಂತಿಲ್ಲ. ನೆರೆಯ ಉತ್ತರ ಕನ್ನಡದಲ್ಲಿ ಸಿದ್ದಿ ಜನರಿದ್ದಾರೆ. ಗುಲಾಮರಾಗಿ ತರಲ್ಪಟ್ಟ ಆಫ್ರಿಕದವರ ವಂಶಸ್ಥರು. 1980ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಇವರ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಆಫ್ರಿಕದ ರಕ್ತದಲ್ಲಿ ಓಟವಿದೆ ಎಂಬುದೇ ಆ ಯೋಜನೆಯ ಹಿಂದಿದ್ದ ನಂಬಿಕೆ. ಕೆಲವರು ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಅನೇಕರು ಊರಿಗೆ ಮರಳಿದರು. ಇಂದಿಗೂ ಸಿದ್ದಿ ಕ್ರೀಡಾಪಟುವನ್ನು ಕುರಿತ ಲೇಖನ ಬಹುಮಟ್ಟಿಗೆ ರಕ್ತದಿಂದಲೇ ಆರಂಭವಾಗುತ್ತದೆ. ರಕ್ತವೇ ಎಲ್ಲವನ್ನೂ ಮಾಡುವುದಾದರೆ ಶಾಲೆ, ಗುರು, ಒಳ್ಳೆಯ ಊಟ ಇವೆಲ್ಲ ಏಕೆ? ಹೊಗಳಿಕೆಯೇ ಹೀಗೆ ಉಪೇಕ್ಷೆಗೆ ನೆಪವಾಗುತ್ತದೆ. ಇತ್ತ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಸಿದ್ದಿ ಕಲಾವಿದರು ರಂಗಭೂಮಿಯಲ್ಲಿ, ಚಲನಚಿತ್ರದಲ್ಲಿ ಹೆಸರು ಮಾಡಿದ್ದಾರೆ. ಅದನ್ನು ಯಾವ ರಕ್ತದ ಲೆಕ್ಕಕ್ಕೆ ಬರೆಯೋಣ?

ಮೈಯನ್ನು ಒಪ್ಪಿ ಮತಿಯನ್ನು ಒಪ್ಪದ ಸಮಾಜ ಕೊನೆಗೆ ನಿರಾಕರಿಸುವುದು ನಾಯಕನ ಪಟ್ಟವನ್ನು. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಅವರ ಜೀವನವೇ ಇದಕ್ಕೆ ಸಾಕ್ಷಿ. ಅಸ್ಪೃಶ್ಯರೆನಿಸಿಕೊಂಡ ಜಾತಿಗೆ ಸೇರಿದ ಈ ಎಡಗೈ ಬೌಲರು 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ಟುಗಳನ್ನು ಪಡೆದರು. ಮುಂಬಯಿಯ ಹಿಂದೂ ತಂಡಕ್ಕೆ ಅವರ ಬೆರಳು ಬೇಕಾಗಿತ್ತು. ಆದರೂ ಅವರನ್ನು ನಾಯಕನನ್ನಾಗಿ ಆರಿಸಲಿಲ್ಲ. 1920ರಲ್ಲಿ ಅವರ ತಮ್ಮಂದಿರು ಪ್ರತಿಭಟಿಸಿ ಹೊರಗುಳಿದ ಮೇಲೆ ಬಾಲೂ ಅವರಿಗೆ ಉಪನಾಯಕತ್ವ ದೊರೆಯಿತು. 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು, ತಂಡ ಗೆದ್ದಿತು.

ಕ್ರೀಡಾವರದಿ ಅವಸರದ ಬರೆವಣಿಗೆ, ಅದರಲ್ಲಿ ಇಷ್ಟೆಲ್ಲ ಸೂಕ್ಷ್ಮ ಹುಡುಕಬಾರದೆಂದು ಕೆಲವರು ಹೇಳಬಹುದು. ಆದರೆ ಅವಸರದಲ್ಲಿ ಬಾಯಿಗೆ ಬರುವ ಮಾತೇ ನಮ್ಮ ನಿಜವಾದ ನಂಬಿಕೆಯಲ್ಲವೆ? ಇದಕ್ಕೆ ಪರಿಹಾರವನ್ನು ಸಾಹಿತ್ಯವೇ ತೋರಿಸಿದೆ. ತೀರ್ಥಹಳ್ಳಿಯ ಸೀಮೆಯಲ್ಲಿ ಬೆಳೆದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ (1967) ನಾಯಿಗುತ್ತಿ ಒಬ್ಬ ಜೀತದಾಳು. ಅವನ ಗಟ್ಟಿ ಮೈಯನ್ನು ಮಾತ್ರ ತೋರಿಸಿ ಕವಿ ಮುಂದೆ ಸಾಗಬಹುದಾಗಿತ್ತು. ಹಾಗೆ ಮಾಡದೆ ಅವನ ಲೆಕ್ಕಾಚಾರ, ಅಳುಕು, ಆಸೆಗಳನ್ನೂ, ನಾಯಿಯ ಮೇಲಿನ ಅವನ ಅಕ್ಕರೆಯನ್ನೂ ಹೆಗ್ಗಡೆಗಳ ಮನಸ್ಸಿಗೆ ಸರಿಸಮನಾಗಿ ಬಿಡಿಸಿಟ್ಟರು.

ಕ್ರೀಡಾಪುಟಕ್ಕೆ ಮಹಾಕಾದಂಬರಿಯ ವಿಸ್ತಾರ ಬೇಕಿಲ್ಲ. ಓಟಗಾರನ ಕಾಲನ್ನು ಕಂಡ ಕಣ್ಣು ಒಮ್ಮೆ ಅವನ ತಲೆಯನ್ನೂ ಕಂಡರೆ ಸಾಕು. ತೋಟದಲ್ಲಿ ಕೊನೆಗಾರನನ್ನು ಹೊಗಳುವ ನಾವೂ ಅಲ್ಲಿಂದಲೇ ಆರಂಭಿಸಬಹುದು.